ಕಂಡಾಳಿಯ ಅಂಗಳ

ಹೃಷೀಕೇಶದಿಂದ ಗಂಗೆಯ ದಂಡೆ ಹಿಡಿದು ಹೊರಟು, ದೇವಪ್ರಯಾಗದಲ್ಲಿ ಭಾಗೀರಥಿಯನ್ನು ಎಡಕ್ಕೆ ಬಿಟ್ಟು, ರುದ್ರಪ್ರಯಾಗದಲ್ಲಿ ಅಲಕನಂದೆಯನ್ನೂ ಬೀಳ್ಕೊಂಡು ಮಂದಾಕಿನಿಯ ಕಣಿವೆಯನ್ನು ಹೊಕ್ಕ ಕೇದಾರಯಾತ್ರಿಕನಿಗೆ, ಕುಂಡ್ ಎಂಬಲ್ಲಿ ದಾರಿ ಕವಲೊಡೆಯುವುದು ಗಮನಕ್ಕೆ ಬಾರದೆ ಹೋಗುವುದೇ ಹೆಚ್ಚು. ಅವನ ವಾಹನ ಎಡಕ್ಕೆ ಹೊರಳಿ ಗುಪ್ತಕಾಶಿಯತ್ತ ಏರಿಬಿಡುತ್ತದೆ. ಬಲಗಡೆಯ ದಾರಿ ಊಖೀಮಠಕ್ಕೆ. ಸಮುದ್ರಮಟ್ಟದಿಂದ ಸುಮಾರು 1300 ಮೀಟರು ಎತ್ತರದಲ್ಲಿ, ಗುಪ್ತಕಾಶಿಗೆ ಎದುರಾಗಿ ಕಣಿವೆಯ ಮೂಡಣ ಮಗ್ಗುಲಿನಲ್ಲಿ ಕುಳಿತಿರುವ ಈ ಚಿಕ್ಕ ಊರಿಗೆ, ಕೇದಾರನಾಥದ ಬಾಗಿಲು ಮುಚ್ಚಿದ ತರುವಾಯ ಸ್ವಾಮಿಯ ಉತ್ಸವಮೂರ್ತಿ ಡೋಲಿಯಲ್ಲಿ ಇಳಿದು ಬರುವುದು. ಹಿಮದ ಆರು ತಿಂಗಳು ಇಲ್ಲಿನ ಓಂಕಾರೇಶ್ವರ ದೇವಾಲಯದಲ್ಲಿಯೇ ಪೂಜೆ. ಮುಂದಿನ ವರ್ಷ ಬಾಗಿಲು ತೆರೆಯುವ ದಿನವನ್ನು ಶಿವರಾತ್ರಿಯಂದು ಘೋಷಿಸುವುದೂ ಇಲ್ಲಿಂದಲೇ. ಆ ಘೋಷಣೆಗೂ ಡೋಲಿ ಹೊರಡುವ ದಿನಕ್ಕೂ ನಡುವೆ ಎರಡು ತಿಂಗಳ ಬಿಡುವುಂಟು. ಯಾತ್ರೆಯ ಜನಪ್ರವಾಹ ಇನ್ನೂ ಮೊದಲಾಗಿರುವುದಿಲ್ಲ. ಊರು ತನ್ನ ಪಾಡಿಗೆ ತಾನು ಬದುಕುತ್ತಿರುತ್ತದೆ. ನಾನು ಅಲ್ಲಿಗೆ ಹೋದದ್ದು ಆ ಬಿಡುವಿನಲ್ಲಿ, ಚೈತ್ರದ ಬಾಗಿಲಿನಲ್ಲಿ, ಬೆಟ್ಟದ ಮೇಲ್ಮಗ್ಗುಲಿನಲ್ಲಿ ಬುರಾಂಸ್ ಮರಗಳು ಕೆಂಪಾಗಿ ಅರಳಿ ನಿಂತಿದ್ದ ಕಾಲದಲ್ಲಿ.

ಕನ್ನಡಿಗನಿಗೆ ಊಖೀಮಠ ತೀರ ಪರಸ್ಥಳವೇನೂ ಅಲ್ಲ. ವೀರಶೈವರ ಪಂಚಪೀಠಗಳಲ್ಲಿ ಒಂದಾದ ಕೇದಾರಪೀಠದ ನೆಲೆ ಇದು. ಕೇದಾರನಾಥದ ಪ್ರಧಾನ ಗುರುಗಳಾದ ರಾವಲರೂ ಅವರ ಪರವಾಗಿ ಪೂಜೆ ನಡೆಯಿಸುವ ಅರ್ಚಕರೂ ಪರಂಪರೆಯಿಂದ ನಮ್ಮ ನಾಡಿನ ಜಂಗಮ ಮನೆತನಗಳಿಂದ ಬಂದವರು. ದೇವದಾರುವಿನ ಕೆತ್ತನೆಯ ತೊಲೆಗಳ ಕೆಳಗೆ, ಹಿಮಾಲಯದ ಶೀತಲ ಮಾರುತಕ್ಕೆ ಮೈಯೊಡ್ಡಿ ನಿಂತಿರುವಾಗ ಹಿಂದಿನಿಂದ ಅಚ್ಚಗನ್ನಡದ ಮಾತು ಕಿವಿಗೆ ಬಿದ್ದರೆ ಆಗುವ ಹರ್ಷವನ್ನು ಅನುಭವಿಸಿಯೇ ತಿಳಿಯಬೇಕು. ಹಾಗೆ ಮಾತಿಗೆ ಸಿಕ್ಕಿದ ತರುಣ ಅರ್ಚಕರೊಬ್ಬರು, ಊರು ಕೇರಿಗಳ ವಿಚಾರವೆಲ್ಲ ಮುಗಿದ ಮೇಲೆ, ಊಟದ ವಿಚಾರಕ್ಕೆ ಬಂದು, ಜೋಳದ ರೊಟ್ಟಿಗೆ ಮನಸ್ಸು ಹಂಬಲಿಸುವುದುಂಟಾದರೂ ರಾಗಿಗೆ ಇಲ್ಲಿ ಕೊರತೆಯಿಲ್ಲವೆಂದೂ, ಗಢವಾಲಿನವರು ಅದನ್ನು ಮಂಡುವಾ ಎಂದೂ ಕೋದಾ ಎಂದೂ ಕರೆದು ನಿತ್ಯವೂ ರೊಟ್ಟಿ ತಟ್ಟುವರೆಂದೂ ತಿಳಿಸಿದರು. “ಅದರ ಜೊತೆಗೆ ಇಲ್ಲಿಯವರ ಸೊಪ್ಪೊಂದನ್ನು ನೀವು ತಿನ್ನಲೇಬೇಕು. ನಮ್ಮ ಕಡೆ ಅದರ ನೆಂಟನನ್ನು ಕಂಡರೆ ಮೈಲಿ ದೂರ ಓಡುತ್ತೇವೆ” ಎಂದು, ದೇವಾಲಯದ ಕೆಳಗಿನ ಒಂದು ಹಳ್ಳಿಯಲ್ಲಿದ್ದ ತಮ್ಮ ಪರಿಚಯದ ಮನೆಯೊಂದನ್ನು ತೋರಿಸಿಕೊಟ್ಟರು.

ಮಲೆನಾಡಿನಲ್ಲಿ ಬೆಳೆದ ಯಾರಿಗೂ ತುರುಚೆ ಗಿಡದ ಪರಿಚಯ ಹೇಳಿಕೊಡಬೇಕಾದುದಿಲ್ಲ. ಬೇಲಿಯ ಮಗ್ಗುಲಲ್ಲಿ ಆಡುವ ಹುಡುಗರ ಮೊಣಕಾಲು ಅದಕ್ಕೆ ತಾಗಿ ಉರಿ ಹತ್ತಿ ಕಣ್ಣೀರು ಬರಿಸಿಕೊಂಡ ಅನುಭವ ಅಲ್ಲಿ ಮನೆಮನೆಯದು. ಹಿಮಾಲಯದ ಗಿಡ ಬೇರೆ ಕುಲದ್ದು. ಲಿನೀಯಸನು 1753ರಲ್ಲಿ ಊರ್ಟಿಕಾ ಎಂದು ಹೆಸರಿಟ್ಟ ಕುಲಕ್ಕೆ ಸೇರಿದ್ದು. ಬಯಲಿನ ಹಿಂದಿಯವರು ಅದನ್ನು ಬಿಚ್ಛೂ ಘಾಸ್ ಎನ್ನುವರು, ಕುಮಾವೂಂ ಪ್ರಾಂತದಲ್ಲಿ ಸಿಸೂಣ ಎನ್ನುವರು, ಗಢವಾಲಿನಲ್ಲಿ ಅದು ಕಂಡಾಳಿ. ನಾನು ಅದನ್ನು ಮೊದಲು ಸಾವಧಾನವಾಗಿ ನೋಡಿದ್ದು ಒಂದು ಕಲ್ಲಿನ ಪಾಗಾರದ ಬುಡದಲ್ಲಿ, ಬೆಳಗಿನ ಬಿಸಿಲು ಓರೆಯಾಗಿ ಬೀಳುತ್ತಿದ್ದಾಗ. ನಾಲ್ಕು ಮೂಲೆಯ ದಂಟು. ಎದುರುಬದುರಾಗಿ ಜೋಡಿ ಜೋಡಿಯಾಗಿ ಹೊರಟ, ಅಂಚಿಗೆ ಗರಗಸದ ಹಲ್ಲುಗಳುಳ್ಳ ಎಲೆಗಳು. ಎಲೆಯ ಮೇಲ್ಮೈ ಗಾಢ ಹಸಿರಾಗಿದ್ದರೂ ಕುಡಿಯಲ್ಲಿ ಮಾತ್ರ ಕೊಂಚ ತಾಮ್ರದ ಛಾಯೆ. ಕಣ್ಣನ್ನು ಇನ್ನೂ ಹತ್ತಿರ ಒಯ್ದರೆ ದಂಟಿನ ಮೇಲೆ, ಎಲೆಯ ತೊಟ್ಟಿನ ಮೇಲೆ, ನರಗಳ ಗುಂಟ, ಬಣ್ಣವಿಲ್ಲದ ಬೆಳಕಿನ ರೋಮಗಳು ನೆಟ್ಟಗೆ ನಿಂತಿರುವುದು ಕಾಣುತ್ತದೆ. ಅವುಗಳಲ್ಲಿ ಒಂದೂ ಬಾಗಿರುವುದಿಲ್ಲ. ಅತ್ಯಂತ ಸೂಕ್ಷ್ಮವಾದ ಈ ಆಯುಧಗಳ ನಡುವೆಯೇ, ಒಂದು ಎಲೆಯ ಮಡಿಕೆಯಲ್ಲಿ, ನೂಲಿನ ಬಲೆ ಹೆಣೆದುಕೊಂಡು ಹತ್ತಾರು ಕರಿಯ ಕಂಬಳಿಹುಳುಗಳು ನಿರಾತಂಕವಾಗಿ ಮೇಯುತ್ತಿದ್ದುವು. ಬೆಟ್ಟಸೀಮೆಯ ಕಿತ್ತಳೆ ಕಪ್ಪು ಬಣ್ಣದ ಚಿಟ್ಟೆಗಳಲ್ಲಿ ಕೆಲವು ಈ ಗಿಡವೊಂದನ್ನೇ ನಂಬಿ ತಮ್ಮ ಸಂತಾನವನ್ನು ಬೆಳೆಸುತ್ತವೆ. ದನಕರುಗಳು ಬಾಯಿ ಹಾಕಲಂಜುವ ಗಿಡಕ್ಕಿಂತ ಸುರಕ್ಷಿತವಾದ ತೊಟ್ಟಿಲು ಅವಕ್ಕೆ ಇನ್ನಾವುದು ಸಿಕ್ಕೀತು?

ಈ ರೋಮದ ರಚನೆಯನ್ನು ಮೊದಲು ಸೂಕ್ಷ್ಮದರ್ಶಕದಲ್ಲಿ ಕಂಡು ಬಣ್ಣಿಸಿದವರಲ್ಲಿ ಒಬ್ಬನಾದ ರಾಬರ್ಟ್ ಹುಕ್, 1665ರಲ್ಲಿ ಪ್ರಕಟವಾದ ತನ್ನ ‘ಮೈಕ್ರೋಗ್ರಾಫಿಯಾ’ ಗ್ರಂಥದಲ್ಲಿ, ಮುಳ್ಳಿನ ತುದಿಯನ್ನು ತನ್ನ ಚರ್ಮಕ್ಕೇ ಚುಚ್ಚಿಸಿಕೊಂಡು, ಬುಡದ ಚೀಲದೊಳಗಿನ ರಸ ಮೇಲಕ್ಕೇರುವುದನ್ನು ಉರಿಯ ನಡುವೆಯೂ ಗಾಜಿನ ಮೂಲಕ ನೋಡುತ್ತಿದ್ದುದನ್ನು ಹೇಳಿದ್ದಾನೆ. ಜಿಜ್ಞಾಸೆಯ ಇಂಥ ತಪಸ್ಸಿಗೆ ನಮಸ್ಕರಿಸದಿರಲಾಗದು. ರೋಮವೆಂಬುದು ಒಂದೇ ಒಂದು ಜೀವಕೋಶ; ಬುಡ ಉಬ್ಬಿದ ಬುದ್ದಲಿ, ಮೇಲೆ ಟೊಳ್ಳಾದ ನಳಿಕೆ, ತುದಿಯಲ್ಲಿ ಮರಳಿನ ಸತ್ತ್ವವಾದ ಸಿಲಿಕದಿಂದ ಗಟ್ಟಿಗೊಂಡ ಪುಟ್ಟ ಗುಂಡು. ಚರ್ಮ ಸೋಕಿದೊಡನೆ ಆ ಗುಂಡು ಓರೆಯಾಗಿ ಮುರಿದು, ಉಳಿದ ನಳಿಕೆ ಸೂಜಿಯಾಗಿ, ಒಳಗಿನ ರಸವನ್ನು ಇಳಿಸಿಬಿಡುತ್ತದೆ. ಇರುವೆಯ ಆಮ್ಲವೇ ಆ ಉರಿಗೆ ಕಾರಣವೆಂದು ಬಹುಕಾಲದವರೆಗೆ ನಂಬಲಾಗಿದ್ದಿತು. 1947ರಲ್ಲಿ ಎಮ್ಮೆಲಿನ್ ಮತ್ತು ಫೆಲ್ಡ್‌ಬರ್ಗ್ ಎಂಬ ವಿಜ್ಞಾನಿಗಳು, ನಮ್ಮ ದೇಹವೇ ಊತಕ್ಕೂ ನರಗಳ ಕಾರ್ಯಕ್ಕೂ ತಯಾರಿಸಿಕೊಳ್ಳುವ ಹಿಸ್ಟಮಿನ್, ಅಸಿಟೈಲ್‌ಕೋಲಿನ್ ಎಂಬ ದ್ರವ್ಯಗಳು ಆ ರಸದಲ್ಲಿರುವುದನ್ನು ತೋರಿಸಿಕೊಟ್ಟರು. ಅಂದರೆ ಗಿಡವು ನಮಗೆ ಅಪರಿಚಿತವಾದ ವಿಷವನ್ನೇನೂ ಉಣಿಸುವುದಿಲ್ಲ. ನಮ್ಮ ಮೈಗೆ ಅರ್ಥವಾಗುವ ಭಾಷೆಯಲ್ಲಿಯೇ ಗದರಿಸುತ್ತದೆ. ಬಿಸಿನೀರು ತಾಗಿದೊಡನೆ ಮುಳ್ಳು ಮೆತ್ತಗಾಗಿ, ರಸ ಚದುರಿ, ಈ ಸಮಸ್ತ ಯುದ್ಧಸನ್ನಾಹವೂ ಕ್ಷಣಾರ್ಧದಲ್ಲಿ ಶಮನವಾಗುವುದು. ಬೆಂಕಿಯನ್ನು ಪಳಗಿಸಿದ ಪ್ರಾಣಿಗೆ ಈ ಎಲೆ ಸಲೀಸಾದ ಆಹಾರವಾದದ್ದು ಹೀಗೆ.

ಅರ್ಚಕರು ತೋರಿಸಿದ ಮನೆಯ ಒಡತಿ ಅರವತ್ತರ ಆಚೆಯವಳು. ಊರಿನವರೆಲ್ಲ ಆಕೆಯನ್ನು ಬೋಡೀ ಎಂದು, ಎಂದರೆ ದೊಡ್ಡಮ್ಮನೆಂದು, ಕರೆಯುತ್ತಿದ್ದುದರಿಂದ ನಾನೂ ಹಾಗೆಯೇ ಕರೆದೆನು. ಆಕೆಯ ಗಢವಾಲಿಗೂ ನನ್ನ ಹಿಂದಿಗೂ ಮಧ್ಯೆ ಸಾಕಷ್ಟು ಅಂತರವಿದ್ದರೂ, ಸೊಪ್ಪು ಸೌದೆಗಳ ವಿಷಯಕ್ಕೆ ಬಂದಾಗ ಕೈಯೇ ಬಾಯಾಗುತ್ತದೆ. ಬೆನ್ನಿಗೆ ಬಿದಿರುಬುಟ್ಟಿ, ಸೊಂಟಕ್ಕೆ ದಾಥುಡಿ ಎಂಬ ಕುಡುಗೋಲು, ಎಡಗೈಯಲ್ಲಿ ಒಲೆಯ ಪಕ್ಕದಿಂದ ತೆಗೆದುಕೊಂಡ ಕಬ್ಬಿಣದ ಚಿಮಟ: ಇಷ್ಟೇ ಆಕೆಯ ಸಲಕರಣೆ. ಇಬ್ಬನಿ ಆರಿದ ಮೇಲೆಯೇ ಹೊರಡಬೇಕು. ಹೂವಿನ ತೆನೆ ಇಳಿಬಿಟ್ಟ ಗಿಡವನ್ನು ಮುಟ್ಟಬಾರದು, ಏಕೆಂದರೆ ಹೂ ಬಂದ ಮೇಲೆ ಎಲೆಯೊಳಗೆ ಸುಣ್ಣದ ಕಣಗಳು ಕಟ್ಟಿ ಬಾಯಿಗೆ ಮರಳು ಮರಳಾಗುವುದಲ್ಲದೆ ಉರಿಮೂತ್ರಕ್ಕೂ ಕಾರಣವಾಗುವುದೆಂಬುದು ಅಲ್ಲಿನವರ ಎಚ್ಚರ. ತುದಿಯ ಕುಡಿ, ಅದರ ಕೆಳಗಿನ ಎರಡು ಜೋಡಿ ಎಲೆ. ಅದಕ್ಕಿಂತ ಕೆಳಗೆ ಕುಡುಗೋಲು ಇಳಿಯಕೂಡದು. ಚಿಮಟದಿಂದ ಕುಡಿಯನ್ನು ಹಿಡಿದು, ಕುಡುಗೋಲಿನಿಂದ ಒಂದೇ ಎಳೆತಕ್ಕೆ ಕೊಯ್ದು, ಗಿಡ ಮುಂಗೈಗೆ ತಾಗದಂತೆ ಮೊಣಕೈಯನ್ನು ಹೊರಕ್ಕೆ ತಿರುಗಿಸಿ ಬುಟ್ಟಿಗೆ ಎಸೆಯುವ ಆ ಚಲನೆಯಲ್ಲಿ ಒಂದು ನೃತ್ಯದ ಲಯವಿದ್ದಿತು; ಅದನ್ನು ನೋಡುತ್ತ ನಿಂತವನಿಗೆ, ಕೆಲಸವೊಂದು ಕಲೆಯಾಗುವುದು ಎಷ್ಟು ಸದ್ದಿಲ್ಲದೆ ಎಂಬುದು ಮನದಟ್ಟಾಗುವಂತಿದ್ದಿತು. ಕಂಬಳಿಹುಳುಗಳ ಬಲೆ ಇದ್ದ ಕುಡಿಗಳನ್ನು ಆಕೆ ಹಾಗೆಯೇ ಬಿಟ್ಟಳು. ಅಕಸ್ಮಾತ್ ತಾಗಿದರೆ ಪರಿಹಾರವೂ ಪಕ್ಕದಲ್ಲಿಯೇ ಬೆಳೆಯುವುದೆಂದು, ನಮ್ಮ ಚುಕ್ಕೆಸೊಪ್ಪಿನ ಕುಲದ ಅಗಲ ಎಲೆಯೊಂದನ್ನು ಕಿತ್ತು, ಹಿಂಡಿ, ರಸ ಹಚ್ಚುವ ಬಗೆಯನ್ನೂ ತೋರಿಸಿದಳು.

ಸೊಪ್ಪು ಕೊಯ್ಯಲು ಕಾಡಿನೊಳಕ್ಕೆ ಹೋಗುವೆವೆಂದು ನಾನು ಭಾವಿಸಿದ್ದೆ. ಬಾಂಜ್ ಎಂಬ ಓಕ್ ಮರಗಳ ಕಾಡು ಮೇಲೆ ಕಾಣುತ್ತಲೇ ಇದ್ದರೂ ಬೋಡಿ ಅತ್ತ ತಿರುಗಲೇ ಇಲ್ಲ. ಹಳ್ಳಿಯ ಕೆಳಗಿನ ಕೇರಿಗೆ ಇಳಿದು, ಕಲ್ಲುಮೆಟ್ಟಿಲುಗಳನ್ನು ದಾಟಿ, ಒಂದು ಮನೆಯ ಅಂಗಳಕ್ಕೆ ನಡೆದಳು. ಪಠಾಲ್ ಎಂಬ ಕಲ್ಲುಹಲಗೆಗಳ ಮಾಡು ಒಂದು ಮೂಲೆಯಲ್ಲಿ ಕುಸಿದಿದ್ದಿತು. ಮೇಲಂತಸ್ತಿನ ತಿಬಾರಿ ಎಂಬ ಜಗಲಿಯ ಕಂಬಗಳಲ್ಲಿ ಹೂಬಳ್ಳಿಯ ಕೆತ್ತನೆ ಮಾಸಿಯೂ ಅಳಿಯದೆ ಉಳಿದಿದ್ದಿತು. ಬಾಗಿಲಿಗೆ ಹಾಕಿದ ಬೀಗಕ್ಕೆ ತುಕ್ಕು ಹಿಡಿದಿದ್ದಿತು. ಕೆಳಗೆ ದನ ಕಟ್ಟುತ್ತಿದ್ದ ಓಬರಾದ ಮುಂದೆ, ಗೊಬ್ಬರದ ತಿಪ್ಪೆ ಇದ್ದಿರಬಹುದಾದ ಮೂಲೆಯಲ್ಲಿ, ಬಚ್ಚಲಿನ ನೀರು ಹರಿಯುತ್ತಿದ್ದ ಕಾಲುವೆಯ ಗುಂಟ, ಎದೆಯೆತ್ತರಕ್ಕೆ ಕಂಡಾಳಿ ಬೆಳೆದು ನಿಂತಿದ್ದಿತು. ಅಂಗಳದ ಆಚೆ, ಹತ್ತು ಮಾರು ದೂರದ ಹುಲ್ಲುಗಾವಲಿನಲ್ಲಿ ಹುಡುಕಿದರೂ ಒಂದು ಗಿಡವಿಲ್ಲ.

ಇದು ಆಕಸ್ಮಿಕವಲ್ಲ. ಈ ಗಿಡಕ್ಕೆ ರಂಜಕದ, ಎಂದರೆ ಫಾಸ್ಫರಸಿನ, ಹಸಿವು ಅಪಾರವಾದದ್ದು; 1964ರಲ್ಲಿ ಪಿಗಟ್, ಟೇಲರ್ ಎಂಬ ಇಬ್ಬರು ಆಂಗ್ಲ ಸಸ್ಯಶಾಸ್ತ್ರಜ್ಞರು, ಸಾಧಾರಣ ಕಾಡುಮಣ್ಣಿನಲ್ಲಿ ಇದರ ಸಸಿಗಳು ಮೇಲೇಳಲಾರದೆ ಕುಂದುವುದು ಫಾಸ್ಫೇಟಿನ ಅಭಾವದಿಂದಲೇ ಎಂದು ಪ್ರಯೋಗದಿಂದ ಕಂಡುಕೊಂಡರು. ಮಣ್ಣಿಗೆ ಆ ಫಾಸ್ಫೇಟನ್ನು ಒಂದೆಡೆ ರಾಶಿಯಾಗಿ ತಂದು ತುಂಬುವವನು ಮನುಷ್ಯ. ಒಲೆಯ ಬೂದಿ, ಕೊಟ್ಟಿಗೆಯ ಸಗಣಿ, ಮೂಳೆ, ಮುಸುರೆ, ತಲೆಮಾರುಗಳಿಂದ ಅಂಗಳದಲ್ಲಿ ಚೆಲ್ಲಿದ ಬಾಳಿನ ಶೇಷವೆಲ್ಲ ಮಣ್ಣಿನಲ್ಲಿ ಕೂಡಿ, ಸಾರಜನಕದಂತೆ ಮಳೆಗೆ ಕೊಚ್ಚಿಹೋಗದೆ, ಶತಮಾನಗಳವರೆಗೂ ಅಲ್ಲಿಯೇ ನಿಲ್ಲುತ್ತದೆ. ಸ್ವೀಡನ್ನಿನ ಓಲೋಫ್ ಅರೇನಿಯಸ್ ಎಂಬಾತನು ಬೀಟ್‌ಗೆಡ್ಡೆಯ ಹೊಲಗಳ ಮಣ್ಣನ್ನು ಪರೀಕ್ಷಿಸುತ್ತಿದ್ದಾಗ, ಫಾಸ್ಫೇಟ್ ಹೆಚ್ಚಿದ್ದಲ್ಲೆಲ್ಲ ಹಿಂದೊಮ್ಮೆ ಜನವಸತಿ ಇದ್ದಿತೆಂಬುದನ್ನು ಗಮನಿಸಿದ ಮೇಲೆ, ಅಳಿದ ಊರುಗಳನ್ನು ಮಣ್ಣಿನ ರಸಾಯನದಿಂದ ಹುಡುಕುವ ಒಂದು ಮಾರ್ಗವೇ ಪುರಾತತ್ತ್ವಜ್ಞರಿಗೆ ತೆರೆದುಕೊಂಡಿತು. ಬೋಡಿಗೆ ಈ ಪರೀಕ್ಷೆಯ ಅಗತ್ಯವಿಲ್ಲ. ಕಂಡಾಳಿ ದಟ್ಟವಾಗಿದ್ದರೆ ಅಲ್ಲಿ ಎಮ್ಮೆ ಕಟ್ಟಿದ್ದರೆಂದು, ವಿರಳವಾಗಿದ್ದರೆ ಮೇಕೆಗಳೆಂದು, ಇಲ್ಲವೇ ಇಲ್ಲವಾದರೆ ಅದು ದಾರಿಯಾಗಿದ್ದಿತೆಂದು ಆಕೆ ನಿಸ್ಸಂದೇಹವಾಗಿ ಹೇಳಬಲ್ಲಳು. ಕಾಡುಸೊಪ್ಪೆಂದು ನಾವು ಕರೆಯುವ ಇದು ಕಾಡಿನ ಸಂತಾನವಲ್ಲ. ಯಾರೂ ಬಿತ್ತದಿದ್ದರೂ, ಯಾರೂ ನೀರೆರೆಯದಿದ್ದರೂ, ಇದು ಸಂಸಾರದ ಬೆಳೆಯೇ ಸರಿ. ಒಂದು ಮನೆತನ ತನಗರಿವಿಲ್ಲದಂತೆ ನೆಲದಲ್ಲಿ ಹೂಡಿಟ್ಟುಹೋದ ನಿಧಿಯನ್ನು ತನ್ನ ಎಲೆಗಳ ಮೂಲಕ ಮತ್ತೆ ಮೇಲಕ್ಕೆತ್ತಿ ಕೊಡುವ ಗಿಡವನ್ನು ಕಳೆಯೆಂದು ಹೇಗೆ ಕರೆಯುವುದು?

ಹೂಡಿಟ್ಟವರು ಎಲ್ಲಿ ಎಂಬ ಪ್ರಶ್ನೆಯೇ ಆ ಕಣಿವೆಯ ದುಃಖ. ಉತ್ತರಾಖಂಡದ ಸರಕಾರವು 2017ರಲ್ಲಿ ನೇಮಿಸಿದ ವಲಸೆ ಆಯೋಗವು ಮರುವರ್ಷ ಕೊಟ್ಟ ವರದಿಯಂತೆ, 2011ರ ಜನಗಣತಿಯ ಈಚೆಗೆ ನಿರ್ಜನವಾದ ವಸತಿಗಳು 734. ಶಾಲೆ ದೂರ, ಆಸ್ಪತ್ರೆ ಇನ್ನೂ ದೂರ. ಮೆಟ್ಟಿಲುಹೊಲಗಳ ಫಸಲನ್ನು ಹಂದಿ ಕಪಿಗಳಿಂದ ಕಾಯುವವರಿಲ್ಲ. ಗಂಡಸರು ಸೈನ್ಯಕ್ಕೂ ಬಯಲುಸೀಮೆಯ ಹೋಟೆಲುಗಳಿಗೂ ಹೋದ ಮೇಲೆ, ಒಂದೊಂದು ಮನೆಯಾಗಿ ಹೆಂಗಸರು ಮಕ್ಕಳೂ ಇಳಿದುಹೋಗುವರು. ಬೋಡಿಯ ಹಳ್ಳಿ ನಿರ್ಜನವಾಗಿರಲಿಲ್ಲ. ಆದರೆ ಕೆಳಗಿನ ಕೇರಿಯಲ್ಲಿ ಬೀಗಗಳೇ ಹೆಚ್ಚು. ಮೀನ ಸಂಕ್ರಮಣದಿಂದ ಮೊದಲಾಗುವ ಫೂಲದೇಯಿಯ ಹಬ್ಬದಲ್ಲಿ ಮಕ್ಕಳು ಫ್ಯೂಂಲಿಯ ಹಳದಿ ಹೂಗಳನ್ನೂ ಬುರಾಂಸಿನ ಕೆಂಪು ದಳಗಳನ್ನೂ ಮನೆಮನೆಯ ಹೊಸ್ತಿಲ ಮೇಲೆ ಇಡುವ ಪದ್ಧತಿ ಅಲ್ಲಿ ಇಂದಿಗೂ ಉಂಟು. ಆ ಬೀಗ ಹಾಕಿದ ಬಾಗಿಲುಗಳ ಹೊಸ್ತಿಲುಗಳ ಮೇಲೂ ನಾನು ಒಣಗಿದ ಹೂಗಳನ್ನು ಕಂಡೆನು. ಯಾರು ಹೇಳಿಕೊಟ್ಟರೋ, ಮಕ್ಕಳು ಯಾವ ಮನೆಯನ್ನೂ ಬಿಟ್ಟಿರಲಿಲ್ಲ.

ಸೊಪ್ಪು ಕೊಯ್ಯುವ ಮುನ್ನ ಬೋಡಿ ಅಂಗಳದ ಅಂಚಿನಲ್ಲಿ ನಿಂತು ಮೊಬೈಲ್ ತೆಗೆದು ದೆಹರಾದೂನಿನಲ್ಲಿರುವ ಆ ಮನೆಯ ಸೊಸೆಗೆ ಕರೆ ಮಾಡಿದಳು. ಕುಶಲ ವಿಚಾರಿಸಿ, ಮಾಡಿನ ಮೂಲೆ ಈ ಮಳೆಗಾಲ ತಾಳಲಾರದೆಂದು ತಿಳಿಸಿ, ಅನಂತರ, ನಿಮ್ಮ ಅಂಗಳದ ಕಂಡಾಳಿ ಕೊಯ್ಯುತ್ತೇನೆಂದು ಹೇಳಿ ಒಪ್ಪಿಗೆ ಪಡೆದಳು. ನನಗೆ ಅದು ಬಹು ದೊಡ್ಡ ನಡತೆಯೆನಿಸಿತು. ಮನೆ ಬಿದ್ದುಹೋಗುತ್ತಿರಬಹುದು, ಅಂಗಳದಲ್ಲಿ ಮುಳ್ಳು ಬೆಳೆದಿರಬಹುದು. ಆದರೆ ಅದು ಇಂಥವರ ಅಂಗಳವೆಂಬುದನ್ನು ನೆನಪಿಡುವ ಒಂದು ಜೀವ ಪಕ್ಕದಲ್ಲಿರುವವರೆಗೆ ಆ ಮನೆ ಪಾಳುಮನೆಯಾಗಲಾರದು. ಕುಲದೇವತೆಯ ಪೂಜೆಗೆಂದು ಕೆಲವು ವರ್ಷಗಳಿಗೊಮ್ಮೆ ಆ ಕುಟುಂಬ ಬರುವುದುಂಟಂತೆ. ಬಂದವರು ಮೊದಲು ಮಾಡುವ ಕೆಲಸ ಬಾಗಿಲವರೆಗೆ ದಾರಿ ಮಾಡಿಕೊಳ್ಳಲು ಕಂಡಾಳಿಯನ್ನು ಸವರುವುದು. ಹೊಸ್ತಿಲಿನ ಮುಂದಿನ ಗಿಡಗಳನ್ನು ಬೋಡಿ ತಾನೇ ಬುಡಸಹಿತ ಕಿತ್ತು ಹಾಕಿದಳು. ಓಬರಾದ ಬಳಿಯವನ್ನು ಮಾತ್ರ ಕುಡಿ ಚಿವುಟಿ ಉಳಿಸಿದಳು.

ಇನ್ನು ಅಡುಗೆ. ಬುಟ್ಟಿಯನ್ನು ಮನೆಯ ಅಂಗಳದ ಬಿಸಿಲಿನಲ್ಲಿ ಒಂದು ಗಳಿಗೆ ಸುರುವಿದಾಗ ಎಲೆಗಳು ಬಾಡಿ, ಮುಳ್ಳಿನ ಬಿಗಿ ಅರ್ಧ ಇಳಿಯಿತು. ಬೋಡಿ ಅವನ್ನು ಚಿಮಟದಿಂದಲೇ ನೀರಿನಲ್ಲಿ ಜಾಲಿಸಿ, ದಪ್ಪ ದಂಟುಗಳನ್ನು ಬೇರೆ ಮಾಡಿ, ಕುದಿಯುವ ನೀರು ಸ್ವಲ್ಪವೇ ಇದ್ದ ಕಬ್ಬಿಣದ ಬಾಣಲೆಗೆ ಹಾಕಿದಳು. ಬುಟ್ಟಿ ತುಂಬ ಇದ್ದ ಸೊಪ್ಪು ನೋಡನೋಡುತ್ತಿದ್ದಂತೆ ಎರಡು ಹಿಡಿಯಾಯಿತು. ಆ ಕ್ಷಣದಲ್ಲಿ ಏಳುವ ಪರಿಮಳ ವಿಶಿಷ್ಟವಾದದ್ದು. ಮೊದಲ ಮಳೆ ಬಿದ್ದ ಹುಲ್ಲುಗಾವಲಿನ ವಾಸನೆ, ಅದರ ಹಿಂದೆ ಸ್ವಲ್ಪ ಕಬ್ಬಿಣದ ವಾಸನೆ. ನೀರಿಗೆ ಇಳಿದ ಹಸಿರು ಕಡುಗಪ್ಪಿನ ಅಂಚಿಗೆ ಹೋಗುವಷ್ಟು ಗಾಢ. ಆ ನೀರನ್ನು ಚೆಲ್ಲಲಿಲ್ಲ. ಬೇರೊಂದು ಪಾತ್ರೆಗೆ ಬಸಿದಿಟ್ಟಳು. ಬೆಂದ ಸೊಪ್ಪನ್ನು ಅರೆಯುವ ಕಲ್ಲಿನ ಮೇಲೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿಗಳೊಡನೆ ನುಣ್ಣಗೆ ಅರೆಯುವಾಗ ಆಕೆ ಬರಿಗೈಯನ್ನೇ ಹಾಕಿದಳು. ನನ್ನನ್ನೂ ಮುಟ್ಟಿ ನೋಡೆಂದಳು. ಅರ್ಧ ಪ್ರಹರದ ಹಿಂದೆ ಮೈಯೆಲ್ಲ ಖಡ್ಗವಾಗಿದ್ದುದು ಬೆರಳಿನಡಿಯಲ್ಲಿ ಬೆಣ್ಣೆಯಂತಿದ್ದಿತು.

ಬಾಣಲೆಯಲ್ಲಿ ಸಾಸಿವೆಯೆಣ್ಣೆ ಹೊಗೆಯಾಡುವವರೆಗೆ ಕಾದ ಮೇಲೆ ಒಗ್ಗರಣೆಗೆ ಬಿದ್ದದ್ದು ಜಖ್ಯಾ. ಸಾಸಿವೆಗಿಂತ ಸಣ್ಣದಾದ, ಕಂದುಗಪ್ಪು ಬಣ್ಣದ ಆ ಬೀಜವನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದಾಗ, ನಮ್ಮ ಬಯಲುಸೀಮೆಯ ಹೊಲದ ಬದುಗಳಲ್ಲಿ ಹಳದಿ ಹೂ ಬಿಟ್ಟು ಅಂಟು ಅಂಟಾಗಿ ನಿಂತಿರುವ ನಾಯಿಸಾಸಿವೆಯೇ ಇದೆಂದು ತಿಳಿದು ಆಶ್ಚರ್ಯವಾಯಿತು. ನಾವು ಹೆಸರಿನಲ್ಲಿಯೇ ಹೀನಾಯ ಮಾಡಿ ಹೊಲದಿಂದ ಕಿತ್ತೆಸೆಯುವ ಗಿಡ ಗಢವಾಲಿನ ಒಗ್ಗರಣೆಯ ಪ್ರಾಣ. ಎಣ್ಣೆಯಲ್ಲಿ ಸಿಡಿದ ಮೇಲೆ ಹಲ್ಲಿಗೆ ಸಿಕ್ಕಾಗ ಅದು ಕೊಡುವ ಗರಿಗರಿಯಾದ ಸುಖವನ್ನು ಸಾಸಿವೆ ಎಂದೂ ಕೊಡಲಾರದು. ಅದರ ಮೇಲೆ ಒಣಮೆಣಸಿನಕಾಯಿ, ಅನಂತರ ಅರೆದ ಸೊಪ್ಪು, ಬಸಿದಿಟ್ಟ ನೀರು, ಉಪ್ಪು. ಕುದಿ ಬಂದಾಗ ಅಕ್ಕಿಹಿಟ್ಟನ್ನು ನೀರಿನಲ್ಲಿ ಕದಡಿ ಸಣ್ಣ ಧಾರೆಯಾಗಿ ಬಿಟ್ಟು ಕೈಯಾಡಿಸುತ್ತ ಹೋದಳು. ಇದಕ್ಕೆ ಆಲಣ್ ಎಂದು ಹೆಸರು. ಆಲಣ್ ಇಲ್ಲದಿದ್ದರೆ ಸೊಪ್ಪು ಒಂದು ಕಡೆ, ನೀರು ಒಂದು ಕಡೆ ಆಗಿ ತಟ್ಟೆಯಲ್ಲಿ ಹರಿದಾಡುತ್ತದೆ. ಆಲಣ್ ಬಿದ್ದೊಡನೆ ಎಲ್ಲವೂ ಕೂಡಿ, ಹೊಳಪು ಬಂದು, ಸೌಟಿನಿಂದ ಮೆಲ್ಲನೆ ಜಾರುವ ಹದವಾಗುತ್ತದೆ. ಕಬ್ಬಿಣದ ಬಾಣಲೆಯಲ್ಲಿಯೇ, ಕೆಂಡದ ಮೇಲೆ, ಬಹಳ ಹೊತ್ತು ಅದು ತಣ್ಣಗೆ ಕುದಿಯಿತು. ಅವಸರ ಮಾಡಿದರೆ ಹಸಿವಾಸನೆ ಉಳಿಯುವುದೆಂದು ಬೋಡಿ ಸೌಟನ್ನು ನನ್ನ ಕೈಗೆ ಕೊಟ್ಟು ರೊಟ್ಟಿ ತಟ್ಟಲು ಕುಳಿತಳು.

ಮಂಡುವಾದ ರೊಟ್ಟಿಯ ಮೇಲೆ ತುಪ್ಪ, ಪಕ್ಕದಲ್ಲಿ ಕಂಡಾಳಿಯ ಸಾಗ್. ಪಾಲಕಿನ ಸೌಮ್ಯತೆಯಾಗಲಿ ಮೆಂತೆಯ ಕಹಿಯಾಗಲಿ ಅದರಲ್ಲಿಲ್ಲ. ಬಾಯಿಗಿಟ್ಟಾಗ ಮೊದಲು ಬೆಳ್ಳುಳ್ಳಿ, ಬಳಿಕ ಜಖ್ಯಾದ ಸಿಡಿತ. ಇವೆರಡೂ ಹಿಂದೆ ಸರಿದ ಮೇಲೆ ನಿಧಾನವಾಗಿ ಬರುವ, ಮಾಂಸದ ಸಾರಿಗೆ ಸಮೀಪವಾದ ಒಂದು ತುಂಬು ರುಚಿ. ಕಬ್ಬಿಣ, ಸುಣ್ಣ, ಸಸಾರಜನಕಗಳು ಈ ಎಲೆಯಲ್ಲಿ ಹೇರಳವಾಗಿರುವುದನ್ನು ಆಹಾರಶಾಸ್ತ್ರಜ್ಞರು ಹೇಳುವರು. ಚಳಿಗಾಲದಲ್ಲಿ ಇದು ಮೈಗೆ ಶಾಖವೆಂದೂ ಕೀಲುನೋವಿಗೆ ಒಳ್ಳೆಯದೆಂದೂ ಗಢವಾಲಿಗರು ನಂಬುವರು. ಇಷ್ಟಾದರೂ ಬಹುಕಾಲ ಇದು ಮಾನದ ಅಡುಗೆಯಾಗಿರಲಿಲ್ಲ. ಕಾಳು ಮುಗಿದು ಹೊಸ ಫಸಲು ಬರುವ ಮುನ್ನಿನ ಹಸಿದ ತಿಂಗಳುಗಳಲ್ಲಿ ಹೊಟ್ಟೆ ತುಂಬಿಸಿದ ಸೊಪ್ಪಿದು. ನೆಂಟರು ಬಂದಾಗ ಬಾಣಲೆಯನ್ನು ಮರೆಮಾಡುತ್ತಿದ್ದರೆಂದು ಬೋಡಿ ಹೇಳಿದಳು. ತುಂಟ ಮಕ್ಕಳಿಗೆ ತೋರಿಸುತ್ತಿದ್ದ ಬೆತ್ತವೂ ಇದೇ. ಈಗ ದಾರಿಬದಿಯ ಅಂಗಡಿಗಳಲ್ಲಿ ಒಣಗಿದ ಕಂಡಾಳಿ ಚಹದ ಪೊಟ್ಟಣವಾಗಿ ತೂಗಾಡುತ್ತದೆ, ಹೋಟೆಲುಗಳ ಪಟ್ಟಿಯಲ್ಲಿ ಪಹಾಡಿನ ವಿಶೇಷವೆಂದು ಮೆರೆಯುತ್ತದೆ. ಮಾನ ಬಂದುದಕ್ಕೆ ಸಂತೋಷವೇ. ಆದರೆ ಅದನ್ನು ಕೊಯ್ಯುವ ಕೈಗಳು ಆ ಮಾನದಲ್ಲಿ ಪಾಲು ಪಡೆಯುವುದಾದರೆ ಮಾತ್ರ ಆ ಸಂತೋಷ ಪೂರ್ಣವಾದೀತು.

ಹಿಮಾಲಯದ ಆಚೆ ಮಗ್ಗುಲಿನಲ್ಲಿ, ಟಿಬೆಟ್ಟಿನ ಯೋಗಿ ಮಿಲರೇಪನು ಗುಹೆಯಲ್ಲಿ ವರ್ಷಗಟ್ಟಲೆ ಇದೇ ಕುಲದ ಸೊಪ್ಪನ್ನು ಮಾತ್ರ ಬೇಯಿಸಿ ಕುಡಿದು ಮೈಯೆಲ್ಲ ಹಸಿರಾದನೆಂದು, 1488ರಲ್ಲಿ ತ್ಸಾಂಗ್‌ನ್ಯೋನ್ ಹೆರುಕನು ಬರೆದ ಅವನ ಚರಿತ್ರೆ ತಿಳಿಸುತ್ತದೆ. ಚಿತ್ರಪಟಗಳಲ್ಲಿಯೂ ಅನೇಕ ವೇಳೆ ಅವನಿಗೆ ಹಸಿರು ಛಾಯೆಯೇ. ಒಂದು ದಿನ ಅವನ ಏಕಮಾತ್ರ ಮಣ್ಣಿನ ಮಡಕೆ ಒಡೆದಾಗ, ಒಳಗೆ ಪದರ ಪದರವಾಗಿ ಅಂಟಿ ಗಟ್ಟಿಯಾಗಿದ್ದ ಸೊಪ್ಪಿನ ಕಿಟ್ಟವೇ ಇನ್ನೊಂದು ಮಡಕೆಯಾಗಿ ಹೊರಬಂದಿತಂತೆ. ಉಪ್ಪಿಲ್ಲ, ಹಿಟ್ಟಿಲ್ಲ, ಎಣ್ಣೆಯಿಲ್ಲ. ಸಂಸಾರವನ್ನು ತೊರೆದವನ ಕಂಡಾಳಿ ಅದು. ಬೋಡಿಯ ಬಾಣಲೆಯದು ಸಂಸಾರಸ್ಥರ ಕಂಡಾಳಿ: ಅಕ್ಕಿಹಿಟ್ಟು ತನ್ನ ಗದ್ದೆಯದು, ತುಪ್ಪ ತನ್ನ ಎಮ್ಮೆಯದು, ಜಖ್ಯಾ ತನ್ನ ಹೊಲದ ಬದುವಿನದು. ಮಣ್ಣಿನಲ್ಲಿಯೂ ಬಾಣಲೆಯಲ್ಲಿಯೂ ಈ ಸೊಪ್ಪು ಮನೆಯನ್ನು ಬೇಡುತ್ತದೆ. ಮನೆಗಳು ಖಾಲಿಯಾದ ಮೊದಲ ವರ್ಷಗಳಲ್ಲಿ ಅದು ಹುಲುಸಾಗಿ ಬೆಳೆಯುವುದೇನೋ ದಿಟ. ಬೇಯಿಸುವವರಿಲ್ಲದ ಹುಲುಸನ್ನು ಸಮೃದ್ಧಿಯೆಂದು ಕರೆಯಲು ನನ್ನ ಮನಸ್ಸು ಒಪ್ಪಲಿಲ್ಲ.

ಮರುದಿನ ಬೋಡಿ ಇನ್ನಷ್ಟು ಕುಡಿ ಕೊಯ್ದು ತಂದು ಪಠಾಲಿನ ಮಾಡಿನ ಮೇಲೆ ಹರವಿದಳು. ಎಲೆಗಳು ಗರಿಗರಿಯಾಗಿ ಒಣಗಿದ ಮೇಲೆ ಹಳೆಯ ಧೋತ್ರದ ತುಂಡಿನಲ್ಲಿ ಕಟ್ಟಿ, ಒಂದು ಚಿಟಿಕೆ ಜಖ್ಯಾದ ಪೊಟ್ಟಣವನ್ನೂ ಸೇರಿಸಿ, ನಾನು ಹೇಗೂ ದೆಹರಾದೂನಿನ ಮೂಲಕ ಹಿಂದಿರುಗುವವನಾದ್ದರಿಂದ, ಆ ಬೀಗದ ಮನೆಯ ಸೊಸೆಗೆ ತಲುಪಿಸಬೇಕೆಂದು ಕೊಟ್ಟಳು. ದಾರಿಯಲ್ಲಿ ಬಸ್ಸಿನ ಪಕ್ಕದ ಆಸನದ ವೃದ್ಧರೊಬ್ಬರು ಗಂಟಿನ ವಾಸನೆಯಿಂದಲೇ ಒಳಗೇನಿದೆಯೆಂದು ಹೇಳಿ, ಗಢವಾಲಿನ ಶ್ರೀನಗರ ಬರುವವರೆಗೂ ತಮ್ಮ ತಾಯಿಯ ಅಡುಗೆಯನ್ನು ವರ್ಣಿಸುತ್ತಿದ್ದರು.

ದೆಹರಾದೂನಿನ ಆ ಮನೆ ಮೂರನೆಯ ಮಹಡಿಯ ಎರಡು ಕೋಣೆಗಳದ್ದು. ಸೊಸೆಯೆಂದು ಬೋಡಿ ಕರೆಯುತ್ತಿದ್ದಾಕೆಗೇ ಆಗಲೇ ಕಿವಿಯ ಬಳಿ ನರೆ ಬಂದಿದ್ದಿತು. ಗಂಟನ್ನು ಬಿಚ್ಚಿ ಮೂಗಿನ ಬಳಿ ಹಿಡಿದು, ಓಬರಾದ ಗೋಡೆ ನಿಂತಿದೆಯೆ, ಅಕ್ರೋಟದ ಮರ ಚಿಗುರಿದೆಯೆ ಎಂದು ಕೇಳಿದಳು. ಮಾಡಿನ ಮೂಲೆಯ ವಿಚಾರವನ್ನು ತಾನಾಗಿ ಎತ್ತಲಿಲ್ಲ. ಸಂಜೆಗೆ ಉಳಿದು ಉಂಡೇ ಹೋಗಬೇಕೆಂದಳು. ಬೋಡಿ ಹೇಗೆ ಮಾಡಿದಳೆಂದು ವಿವರವಾಗಿ ಕೇಳಿ, ಆಲಣಿಗೆ ಅಕ್ಕಿಹಿಟ್ಟೆಂದೊಡನೆ ತಲೆಯಲ್ಲಾಡಿಸಿದಳು. ಅಕ್ಕಿಹಿಟ್ಟು ಹಾಕಿದರೆ ಸೊಪ್ಪು ಬಿಳಿಚಿಕೊಳ್ಳುತ್ತದೆ, ಆ ಊರಿನವರು ಹೇಳಿದರೆ ಕೇಳುವುದಿಲ್ಲ. ತನ್ನ ತವರಿನಲ್ಲಿ ಝಂಗೋರಾದ ಅಕ್ಕಿಯನ್ನೇ ಸೊಪ್ಪಿನ ಜೊತೆ ಹಾಕಿ ಎರಡೂ ಒಂದಾಗುವವರೆಗೆ ಬೇಯಿಸುವರು, ಅದೇ ಸರಿಯಾದ ಕ್ರಮ ಎಂದಳು. ನಮ್ಮ ಊದಲಿನ ಅಕ್ಕಿಯೇ ಝಂಗೋರಾ. ಅದು ಮನೆಯಲ್ಲಿ ಮುಗಿದಿದ್ದುದರಿಂದ ಮಗಳನ್ನು ಕೆಳಗಿನ ಅಂಗಡಿಗೆ ಅಟ್ಟಿ, ಪಾಲಿಶ್ ಮಾಡಿದ್ದು ಬೇಡ, ಹಳೆಯ ಬಗೆಯದನ್ನೇ ಕೇಳು ಎಂದು ಮೆಟ್ಟಿಲಿನವರೆಗೂ ಹಿಂದೆಯೇ ಹೋಗಿ ಹೇಳಿ ಬಂದು, ಒಣಗಿದ ಎಲೆಗಳನ್ನು ಬಿಸಿನೀರಿನಲ್ಲಿ ನೆನೆಯಿಟ್ಟಳು.